ಇಂಗ್ಲೀಷಿನಲ್ಲಿ ‘ಡೂ’ ಧಾತುವಿನ ಅನುಪ್ರಯೋಗ

ಇಂಗ್ಲೀಷು ಭಾಷೆಯನ್ನು ಕನ್ನಡದ ಮಕ್ಕಳಿಗೆ ಕಲಿಸುವ ವ್ಯಾಕರಣಗಳಲ್ಲಿ ಒಂದು ವಿಧಿಯು ಬಹುಕಾಲದಿಂದ ನಡೆದುಬಂದಿದೆ. ವರ್ತಮಾನ ಭೂತಕಾಲಗಳ ಸರಳವಾಕ್ಯವನ್ನು ಪ್ರಶ್ನೆಯಾಗಿಯೋ ನಿಷೇಧವಾಗಿಯೋ ಮಾರ್ಪಡಿಸುವಾಗ ‘ಡೂ’, ‘ಡಸ್’, ‘ಡಿಡ್’ ಎಂಬ ಸಹಾಯಕ ಕ್ರಿಯಾಪದಗಳಲ್ಲಿ ಒಂದನ್ನು ಸೇರಿಸತಕ್ಕದ್ದು ಎಂಬುದೇ ಆ ವಿಧಿ. ವಿದ್ಯಾರ್ಥಿಯು ಇದನ್ನು ಕಂಠಪಾಠ ಮಾಡಿಕೊಂಡು, ‘ಹೀ ವೆಂಟ್’ ಎಂಬ ವಾಕ್ಯವನ್ನು ಕೊಟ್ಟೊಡನೆ ‘ಡಿಡ್ ಹೀ ವೆಂಟ್’ ಎಂದು ಪ್ರಶ್ನೆಯನ್ನೂ ‘ಹೀ ಡಿಡ್ ನಾಟ್ ವೆಂಟ್’ ಎಂದು ನಿಷೇಧವನ್ನೂ ಬರೆಯುತ್ತಾನೆ. ಉಪಾಧ್ಯಾಯರು ಕೆಂಪು ಮಸಿಯಿಂದ ಗೆರೆಯೆಳೆದು, ಹುಡುಗನು ಅಜಾಗರೂಕನೆಂದು ತೀರ್ಮಾನಿಸುತ್ತಾರೆ. ಆದರೆ ಹುಡುಗನು ಮಾಡಿದ ಅಪರಾಧವಾದರೂ ಏನು? ವಿಧಿಯು ಸೇರಿಸೆಂದಿತು, ಅವನು ಸೇರಿಸಿದನು. ಪ್ರಧಾನಕ್ರಿಯೆಯನ್ನು ಮುಟ್ಟೆಂದು ಅದು ಹೇಳಲಿಲ್ಲ, ಅವನು ಮುಟ್ಟಲಿಲ್ಲ.

ಈ ದೋಷವನ್ನು ಕಂಡ ಕೆಲವು ಗ್ರಂಥಕರ್ತರು ‘ಡಿಡ್’ ಬಂದಲ್ಲಿ ಪ್ರಧಾನಕ್ರಿಯೆಯನ್ನು ಮೂಲರೂಪದಲ್ಲಿಡಬೇಕೆಂದು ಇನ್ನೊಂದು ವಿಧಿಯನ್ನು ಕೂಡಿಸಿರುವರು. ‘ಡಸ್’ ಬಂದಲ್ಲಿ ಕ್ರಿಯೆಯ ಕೊನೆಯ ಸಕಾರವನ್ನು ತೆಗೆಯಬೇಕೆಂದು ಮತ್ತೊಂದನ್ನು. ‘ಬಿ’ ಧಾತುವಿಗೆ ಇದಾವುದೂ ಸಲ್ಲದೆಂದು ಒಂದು ಅಪವಾದವನ್ನು. ತೇಪೆಯ ಮೇಲೆ ತೇಪೆ ಬಿದ್ದು ಮೂಲದ ಬಟ್ಟೆ ಯಾವುದೆಂದು ತಿಳಿಯದಂತಾಗಿದೆ. ಇಂಗ್ಲೀಷಿಗೆ ನಿಯಮವೇ ಇಲ್ಲವೆಂದು ಪಾಠಶಾಲೆಗಳಲ್ಲಿ ಕೇಳಿಬರುವ ಮಾತು ಹುಟ್ಟಿದ್ದು ಬಹುಮಟ್ಟಿಗೆ ಇಂತಹ ಎಡೆಗಳಲ್ಲಿಯೇ. ನಿಯಮವುಂಟು, ಅದನ್ನು ಹೇಳಿರುವ ರೀತಿ ಸರಿಯಿಲ್ಲ.

ಲಕ್ಷಣವನ್ನು ಪರೀಕ್ಷಿಸುವವರು ಮೊದಲು ನೋಡುವುದು ಅತಿವ್ಯಾಪ್ತಿಯನ್ನೂ ಅವ್ಯಾಪ್ತಿಯನ್ನೂ ಅಷ್ಟೆ. ‘ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಡೂ ಬರುವುದು’ ಎಂಬ ಲಕ್ಷಣವು ಎರಡು ದೋಷಗಳಿಗೂ ಒಳಗಾಗಿದೆ. ‘ಹೂ ಕೇಮ್’, ಯಾರು ಬಂದರು, ಎಂಬುದು ಪ್ರಶ್ನೆಯೇ ಸರಿ. ಅಲ್ಲಿ ‘ಡಿಡ್’ ಇಲ್ಲ. ‘ಹೂಮ್ ಡಿಡ್ ಯೂ ಸೀ’, ಯಾರನ್ನು ಕಂಡೆ, ಎಂಬಲ್ಲಿ ಉಂಟು. ಎರಡೂ ಪ್ರಶ್ನೆಗಳೇ ಆಗಿರುವಾಗ ಪ್ರಶ್ನಾರ್ಥವೇ ಕಾರಣವೆನ್ನುವುದು ಹೇಗೆ? ‘ಹೀ ನೆವರ್ ಕೇಮ್’, ‘ಹೀ ಸೆಡ್ ನಥಿಂಗ್’, ‘ನೋಬಡಿ ಕೇಮ್’ ಎಂಬವುಗಳ ಅರ್ಥವೆಲ್ಲ ನಿಷೇಧವೇ. ಒಂದರಲ್ಲಿಯೂ ‘ಡಿಡ್’ ಕಾಣದು. ಇನ್ನು ವಾಕ್ಯದೊಳಗೆ ಅಂಗವಾಗಿ ನಿಂತ ಪ್ರಶ್ನೆಯನ್ನು ನೋಡಬೇಕು. ‘ಅವನು ಎಲ್ಲಿರುವನೋ ತಿಳಿಯದು’ ಎಂಬುದನ್ನು ವಿಧಿಯನ್ನು ನಂಬಿದ ವಿದ್ಯಾರ್ಥಿ ‘ಐ ಡೂ ನಾಟ್ ನೋ ವೇರ್ ಡಸ್ ಹೀ ಲಿವ್’ ಎಂದು ಬರೆಯುತ್ತಾನೆ. ಪ್ರಶ್ನೆಯಿದ್ದಲ್ಲಿ ‘ಡೂ’ ಇರಬೇಕೆಂದು ಕಲಿತವನು ಬೇರೆ ಹೇಗೆ ಬರೆದಾನು? ಶಿಷ್ಟಪ್ರಯೋಗವಾದರೋ ‘ವೇರ್ ಹೀ ಲಿವ್ಸ್’ ಎಂದು.

ಇದು ಅತಿವ್ಯಾಪ್ತಿಯಾಯಿತು. ಅವ್ಯಾಪ್ತಿ ಇದಕ್ಕಿಂತ ಹೆಚ್ಚಿನದು. ‘ಹೀ ಡಿಡ್ ಕಮ್’, ಬಂದೇ ಬಂದನು, ಎಂದು ಒತ್ತಿ ಹೇಳುವಲ್ಲಿ ಪ್ರಶ್ನೆಯೂ ಇಲ್ಲ, ನಿಷೇಧವೂ ಇಲ್ಲ. ‘ಸೋ ಡೂ ಐ’, ನಾನೂ ಹಾಗೆಯೇ, ಎಂಬ ಉತ್ತರದಲ್ಲಿಯೂ ಇಲ್ಲ. ‘ಷಿ ಸಿಂಗ್ಸ್ ಬೆಟರ್ ದ್ಯಾನ್ ಐ ಡೂ’ ಎಂಬಲ್ಲಿಯೂ ಅಷ್ಟೆ. ಮೇಲೆ ಹೇಳಿದ ‘ನೆವರ್’ ಶಬ್ದವನ್ನೇ ವಾಕ್ಯದ ಮೊದಲಿಗೆ ತಂದರೆ ‘ನೆವರ್ ಡಿಡ್ ಹೀ ಕಮ್’ ಎಂದಾಗಿ, ಇಲ್ಲದಿದ್ದ ‘ಡಿಡ್’ ಬಂದು ನಿಲ್ಲುತ್ತದೆ. ನಿಷೇಧವು ಎರಡರಲ್ಲಿಯೂ ಒಂದೇ. ಬದಲಾದುದು ಪದಗಳ ಆನುಪೂರ್ವಿ ಮಾತ್ರ. ಈ ಒಂದು ಉದಾಹರಣೆಯಿಂದಲೇ ‘ಡೂ’ ಧಾತುವಿಗೆ ಕಾರಣವು ಅರ್ಥದಲ್ಲಿಲ್ಲ, ಪದಗಳ ಸನ್ನಿವೇಶದಲ್ಲಿದೆ ಎಂದು ಊಹಿಸಬಹುದಾಗಿತ್ತು.

ಸನ್ನಿವೇಶವೆಂದರೆ ಇದು. ಇಂಗ್ಲೀಷಿನಲ್ಲಿ ಕಾಲಸೂಚಕವಾದ ಪ್ರತ್ಯಯವು ಸಾಮಾನ್ಯವಾಗಿ ಪ್ರಧಾನಕ್ರಿಯೆಗೆ ಅಂಟಿಕೊಂಡಿರುತ್ತದೆ. ಆದರೆ ‘ನಾಟ್’ ಎಂಬ ನಿಷೇಧಪದವು ಕಾಲಕ್ಕೂ ಕ್ರಿಯೆಗೂ ನಡುವೆ ನಿಲ್ಲಬಯಸುವುದು. ಪ್ರಶ್ನೆಯಲ್ಲಿ ಕಾಲಾಂಶವು ಕರ್ತೃವನ್ನು ದಾಟಿ ಮುಂದಕ್ಕೆ ಹೋಗಬಯಸುವುದು. ಹೀಗೆ ಕಾಲವೂ ಕ್ರಿಯೆಯೂ ಅಗಲಿದಾಗ, ಬೇರೊಂದು ಸಹಾಯಕವಿದ್ದರೆ ಅದೇ ಕಾಲವನ್ನು ಹೊರುತ್ತದೆ: ‘ಹೀ ಕ್ಯಾನ್ ನಾಟ್ ಗೋ’, ‘ಹ್ಯಾಸ್ ಹೀ ಗಾನ್’, ‘ಈಸ್ ಹೀ ಗೋಯಿಂಗ್’. ಯಾವ ಸಹಾಯಕವೂ ಇಲ್ಲದ ವಾಕ್ಯದಲ್ಲಿ ಕಾಲಕ್ಕೆ ಆಶ್ರಯವಿಲ್ಲದಂತಾಗುವುದರಿಂದ, ಅದನ್ನು ಹೊರುವುದಕ್ಕಾಗಿಯೇ ‘ಡೂ’ ಬರುತ್ತದೆ. ‘ಹೂ ಕೇಮ್’ ಎಂಬಲ್ಲಿ ಪ್ರಶ್ನಪದವೇ ಕರ್ತೃವಾಗಿ ಮೊದಲೇ ತನ್ನ ಸ್ಥಾನದಲ್ಲಿದೆ. ಕಾಲವು ಯಾರನ್ನೂ ದಾಟಬೇಕಾಗಿಲ್ಲ. ಆದುದರಿಂದ ‘ಡೂ’ ಬರಲಿಲ್ಲ. ಒತ್ತಿ ಹೇಳುವಲ್ಲಿ ಒತ್ತು ಬೀಳಬೇಕಾದುದು ಕ್ರಿಯೆಯ ಮೇಲಲ್ಲ, ನಡೆಯಿತೆಂಬ ನಿಶ್ಚಯದ ಮೇಲೆ; ಆ ಒತ್ತನ್ನು ಹೊರಲು ಒಂದು ಪದ ಬೇಕಾಯಿತು. ‘ಸೋ ಡೂ ಐ’ ಎಂಬಲ್ಲಿ ಕ್ರಿಯೆಯೇ ಲೋಪವಾಗಿ ಕಾಲವೊಂದೇ ಉಳಿದಿದೆ. ಒಂದೇ ಸೂತ್ರದಿಂದ ಎಲ್ಲವೂ ಸಿದ್ಧಿಸಿತು. ಕಾಲವನ್ನು ‘ಡಿಡ್’ ಒಮ್ಮೆ ಹೇಳಿದ ಮೇಲೆ ಹೇಳಿದ ಅರ್ಥವನ್ನು ಮತ್ತೆ ಹೇಳಬಾರದೆಂಬ ವೈಯಾಕರಣನ್ಯಾಯದಿಂದ ‘ವೆಂಟ್’ ಎಂಬುದು ‘ಗೋ’ ಆಗಲೇಬೇಕು. ಇದಕ್ಕೆ ಪ್ರತ್ಯೇಕ ವಿಧಿ ಬೇಕಾಗಿಲ್ಲ.

ಹಾಗಾದರೆ ಈ ‘ಡೂ’ ಎಂಬುದನ್ನು ಸಂಸ್ಕೃತವ್ಯಾಕರಣದ ಪರಿಭಾಷೆಯಲ್ಲಿ ಏನೆಂದು ಕರೆಯುವುದು ಯುಕ್ತ? ಹೆಸರಿಟ್ಟ ಮಾತ್ರಕ್ಕೆ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವುಂಟು, ತಪ್ಪು ಹೆಸರು ತಪ್ಪು ಪ್ರಯೋಗವನ್ನು ಹುಟ್ಟಿಸುತ್ತದೆ.

ಇದು ನಿಪಾತವೆಂಬುದು ಮೊದಲನೆಯ ಪಕ್ಷ. ಸಂಸ್ಕೃತದಲ್ಲಿ ವಾಕ್ಯದ ಮೊದಲಿಗೆ ‘ಕಿಂ’ ಎಂದೋ ‘ಅಪಿ’ ಎಂದೋ ಸೇರಿಸಿದರೆ ಪ್ರಶ್ನೆಯಾಗುವುದು. ‘ಗಚ್ಛತಿ’ ಎಂಬುದು ‘ಕಿಂ ಗಚ್ಛತಿ’ ಎಂದಾದಾಗ ಕ್ರಿಯಾಪದದಲ್ಲಿ ಒಂದು ಮಾತ್ರೆಯೂ ವ್ಯತ್ಯಾಸವಾಗದು. ‘ಡಿಡ್’ ಎಂಬುದೂ ಇಂತಹದೇ ಎಂದು ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ತಿಳಿದವರು ಬಹಳ. ‘ಡಿಡ್ ಹೀ ವೆಂಟ್’ ಎಂಬ ಅಪಪ್ರಯೋಗಕ್ಕೆ ಈ ತಿಳಿವಳಿಕೆಯೇ ಬೀಜ. ನಿಪಾತವಾಗಿದ್ದರೆ ಅದು ಅವ್ಯಯವಾಗಿರಬೇಕಾಗಿತ್ತು. ‘ಡೂ, ಡಸ್, ಡಿಡ್’ ಎಂದು ಕಾಲಪುರುಷವಚನಗಳಿಗೆ ತಕ್ಕಂತೆ ವಿಕಾರ ಹೊಂದುವ ಪದವನ್ನು ಅವ್ಯಯವೆನ್ನುವುದು ಯಾರಿಗೂ ಸಾಧ್ಯವಿಲ್ಲ.

ಇಡಾಗಮದಂತೆ ಇದೊಂದು ಆಗಮ, ಸ್ವಂತ ಅರ್ಥವಿಲ್ಲದೆ ರೂಪಸಿದ್ಧಿಗಾಗಿ ಮಾತ್ರ ಬಂದದ್ದು ಎಂಬುದು ಎರಡನೆಯ ಪಕ್ಷ. ಇದರಲ್ಲಿ ಸತ್ಯಾಂಶವುಂಟು. ೧೯೫೭ರಲ್ಲಿ ನೋಮ್ ಚಾಮ್ಸ್ಕಿಯು ತನ್ನ ವಾಕ್ಯರಚನಾಗ್ರಂಥದಲ್ಲಿ, ಕ್ರಿಯೆಯಿಂದ ಅಗಲಿ ಒಂಟಿಯಾಗಿ ನಿಂತ ಕಾಲಪ್ರತ್ಯಯಕ್ಕೆ ಆಧಾರವಾಗಿ ‘ಡೂ’ ಬರುವುದೆಂದು ಹೇಳಿದ ಮತವು ಈ ಪಕ್ಷಕ್ಕೆ ಸಮೀಪವಾದುದು. ಆದರೂ ಆಗಮವು ತಾನು ಸೇರಿದ ಶಬ್ದದ ಅವಯವವಾಗಿಬಿಡುತ್ತದೆ. ‘ಡೂ’ ಸ್ವತಂತ್ರಪದವಾಗಿ ನಿಂತು ತಾನೇ ಪ್ರತ್ಯಯವನ್ನು ಧರಿಸುತ್ತದೆ. ಆದುದರಿಂದ ಆಗಮವೆಂಬ ಹೆಸರು ಪೂರ್ಣವಾಗಿ ಹೊಂದದು.

ಮೂರನೆಯದೇ ಗ್ರಾಹ್ಯವಾದ ಪಕ್ಷ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಲಿಟ್‌ಲಕಾರದ ಪ್ರಸ್ತಾವದಲ್ಲಿ ಕೆಲವು ಧಾತುಗಳಿಗೆ ‘ಆಮ್’ ಪ್ರತ್ಯಯವು ವಿಧಿಸಲ್ಪಟ್ಟಿದೆ. ಆ ಬಳಿಕ ೪೦ನೆಯ ಸೂತ್ರದಲ್ಲಿ ಕೃಞ್ ಧಾತುವಿನ ಅನುಪ್ರಯೋಗವನ್ನು ಹೇಳಿದೆ. ಈಕ್ಷ್ ಧಾತುವಿಗೆ ನೇರವಾಗಿ ಲಿಟ್ಟಿನ ಪ್ರತ್ಯಯವು ಹತ್ತದು. ‘ಈಕ್ಷಾಂ’ ಎಂದು ವಿಕಾರವಿಲ್ಲದೆ ನಿಲ್ಲಿಸಿ, ‘ಚಕ್ರೇ’ ಎಂದು ಕೃಞ್ ಧಾತುವಿನ ಮೇಲೆ ಕಾಲಪುರುಷವಚನಗಳನ್ನೆಲ್ಲ ಹೊರಿಸಬೇಕು. ‘ಈಕ್ಷಾಂಚಕ್ರೇ’ ಎಂಬಲ್ಲಿ ಕೃಞ್ ಧಾತುವಿಗೆ ‘ಮಾಡು’ ಎಂಬ ಸ್ವಾರ್ಥವು ತೋರುವುದಿಲ್ಲ, ನೋಡಿದನೆಂಬುದೇ ಅರ್ಥ. ಇಂಗ್ಲೀಷಿನ ‘ಡಿಡ್ ಸೀ’ ಎಂಬುದು ಇದಕ್ಕೆ ಅಚ್ಚಿನಲ್ಲಿ ತೆಗೆದಂತೆ ಸಮಾನವಾಗಿದೆ. ಅಲ್ಲಿಯೂ ಕರಣಾರ್ಥದ ಧಾತುವೇ ಭಾರವನ್ನು ಹೊತ್ತಿದೆ, ಪ್ರಧಾನಧಾತು ವಿಕಾರವಿಲ್ಲದೆ ನಿಂತಿದೆ. ವ್ಯಾಖ್ಯಾನಕಾರರು ಆ ಸೂತ್ರದ ಕೃಞ್ ಎಂಬುದನ್ನು ಪ್ರತ್ಯಾಹಾರವೆಂದು ಗ್ರಹಿಸಿ ಭೂ, ಅಸ್ ಧಾತುಗಳನ್ನೂ ಸೇರಿಸಿಕೊಂಡಿರುವರು. ‘ಈಕ್ಷಾಂಬಭೂವ’, ‘ಈಕ್ಷಾಮಾಸ’ ಎಂಬ ರೂಪಗಳು ಹಾಗೆ ಬಂದವು. ಇಂಗ್ಲೀಷಿನ ಸಹಾಯಕಗಳಲ್ಲಿ ಮುಖ್ಯವಾದ ‘ಡೂ’, ‘ಬಿ’, ‘ಈಸ್’ ಎಂಬವುಗಳೂ ಕರಣ, ಭವನ, ಅಸ್ತಿತ್ವಗಳನ್ನೇ ಹೇಳತಕ್ಕವು. ಸಂಸ್ಕೃತದ ಪರಿಚಯವುಳ್ಳ ವಿದ್ಯಾರ್ಥಿಗೆ ಈ ಸಾಮ್ಯವನ್ನು ಒಮ್ಮೆ ತೋರಿಸಿದರೆ ‘ಡಿಡ್ ವೆಂಟ್’ ಎಂಬುದು ಎಷ್ಟು ಅಸಂಬದ್ಧವೆಂಬುದು ತಾನಾಗಿಯೇ ಹೊಳೆಯುವುದು. ಈಕ್ಷ್ ಧಾತುವಿಗೂ ಕೃಞ್ ಧಾತುವಿಗೂ ಎರಡು ಸಲ ಲಿಟ್ಟನ್ನು ಹಚ್ಚುವವರುಂಟೇ?

ಸಾಮ್ಯವನ್ನು ಎಲ್ಲೆಮೀರಿ ಎಳೆಯಲೂ ಬಾರದು. ಸಂಸ್ಕೃತದಲ್ಲಿ ಅನುಪ್ರಯೋಗಕ್ಕೆ ನಿಮಿತ್ತವಾದುದು ಧಾತುವಿನ ಸ್ವರೂಪ. ಇಂಗ್ಲೀಷಿನಲ್ಲಿ ವಾಕ್ಯದ ರಚನೆ. ಇದಕ್ಕಿಂತ ಸ್ವಾರಸ್ಯವಾದ ಭೇದವೊಂದಿದೆ. ಅನುಪ್ರಯೋಗವು ಆಮಂತದ ಹಿಂದೆಯೇ, ನಡುವೆ ಬೇರೆ ಪದವಿಲ್ಲದೆ ಬರಬೇಕೆಂಬುದು ವಾರ್ತಿಕಕಾರನ ಅಭಿಪ್ರಾಯ. ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿಯೂ ಹದಿಮೂರನೆಯ ಸರ್ಗದಲ್ಲಿಯೂ ಎರಡರ ನಡುವೆ ಬೇರೆ ಪದವನ್ನಿಟ್ಟಿರುವುದರಿಂದ ಪಂಡಿತರಲ್ಲಿ ಅದರ ಸಾಧುತ್ವದ ಚರ್ಚೆ ನಡೆದುಬಂದಿದೆ. ಸಂಸ್ಕೃತದಲ್ಲಿ ಮಹಾಕವಿಗೂ ಆಕ್ಷೇಪವನ್ನು ತಂದ ಈ ವ್ಯವಧಾನವೇ ಇಂಗ್ಲೀಷಿನಲ್ಲಿ ‘ಡೂ’ ಧಾತುವಿನ ಜೀವಾಳ. ‘ಡಿಡ್ ಹೀ ಗೋ’, ‘ಡಿಡ್ ನಾಟ್ ಗೋ’ ಎಂದು ನಡುವೆ ಕರ್ತೃವೋ ನಿಷೇಧವೋ ಬಂದಿರುವಾಗಲೇ ಅದಕ್ಕೆ ಕೆಲಸ. ಒತ್ತೂ ಇಲ್ಲದೆ ವ್ಯವಧಾನವೂ ಇಲ್ಲದೆ ‘ಹೀ ಡಿಡ್ ಗೋ’ ಎಂದರೆ ಇಂದಿನ ಕಿವಿಗೆ ಅದು ವ್ಯರ್ಥಪದ.

ಇಂದಿನ ಕಿವಿಗೆ ಎಂದು ಹೇಳಿದ್ದಕ್ಕೆ ಕಾರಣವಿದೆ. ಈ ವ್ಯವಸ್ಥೆ ಇಂಗ್ಲೀಷಿನಲ್ಲಿ ಮೊದಲಿನಿಂದ ಇದ್ದುದಲ್ಲ. ಪ್ರಾಚೀನ ಇಂಗ್ಲೀಷಿನಲ್ಲಿ ಕ್ರಿಯಾಪದದ ಮುಂದೆ ‘ನೆ’ ಎಂಬ ನಿಷೇಧಪದವನ್ನಿಡುತ್ತಿದ್ದರು. ಪ್ರಶ್ನೆಯಲ್ಲಿ ಕ್ರಿಯಾಪದವೇ ಕರ್ತೃವನ್ನು ದಾಟಿ ಮುಂದೆ ಬರುತ್ತಿತ್ತು. ಕಾಲಕ್ರಮದಲ್ಲಿ ‘ನೆ’ ಸವೆದುಹೋಗಿ ಕ್ರಿಯೆಯ ಹಿಂದಿನ ‘ನಾಟ್’ ಒಂದೇ ಉಳಿಯಿತು. ನಿಷೇಧಪದವು ಹೀಗೆ ಸವೆದು, ಬೇರೊಂದು ಪದದಿಂದ ಬಲಗೊಂಡು, ಮತ್ತೆ ಸವೆಯುವ ಕ್ರಮವನ್ನು ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ ೧೯೧೭ರ ತನ್ನ ಗ್ರಂಥದಲ್ಲಿ ನಿರೂಪಿಸಿರುವನು. ಶೇಕ್ಸ್‌ಪಿಯರನ ಕಾಲದಲ್ಲಿ (೧೫೬೪-೧೬೧೬) ‘ವೆಂಟ್ ಹೀ’, ‘ಡಿಡ್ ಹೀ ಗೋ’ ಎಂಬ ಎರಡು ರೀತಿಗಳೂ ಸಾಧುವಾಗಿದ್ದುವು. ೧೬೧೧ರ ಬೈಬಲ್ ಭಾಷಾಂತರದಲ್ಲಿ ಹಳೆಯ ರೀತಿಯು ಹೇರಳವಾಗಿದೆ. ಇವನ್ನು ಓದುವಾಗ ವಿದ್ಯಾರ್ಥಿಯು ‘ಡೂ’ ಎಲ್ಲಿಹೋಯಿತೆಂದು ಕೇಳಿದರೆ ಕವಿಗಳ ಸ್ವಾತಂತ್ರ್ಯವೆಂದು ಉತ್ತರ ಹೇಳಿ ಮುಂದೆ ಸಾಗುವುದುಂಟು. ಅದು ಉತ್ತರವಲ್ಲ. ಅಂದಿನ ಗದ್ಯವೂ ಹಾಗೆಯೇ ಇತ್ತು.

ಸ್ವೀಡನ್ನಿನ ಆಲ್ವರ್ ಎಲ್ಲೆಗಾರ್ಡನು ೧೯೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ಗದ್ಯಗ್ರಂಥಗಳಿಂದ ಸಾವಿರಾರು ವಾಕ್ಯಗಳನ್ನು ಎಣಿಸಿ ಈ ಧಾತುವಿನ ಬೆಳವಣಿಗೆಯನ್ನು ತೋರಿಸಿರುವನು. ಪ್ರಶ್ನೆ ನಿಷೇಧಗಳಲ್ಲಿ ‘ಡೂ’ ಏರುತ್ತ ಹೋಯಿತು; ಸಾಧಾರಣ ವಿಧಾಯಕ ವಾಕ್ಯಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಸ್ವಲ್ಪ ಏರಿ ಆಮೇಲೆ ಇಳಿದುಹೋಯಿತು. ‘ನೋ’, ಎಂದರೆ ತಿಳಿ, ಎಂಬ ಧಾತುವು ಬಹಳ ಕಾಲ ಮಣಿಯದೆ ‘ಐ ನೋ ನಾಟ್’ ಎಂದೇ ಉಳಿದಿತ್ತು. ವಿಧಾಯಕವಾಕ್ಯದ ‘ಡೂ’ ಇಳಿಯುತ್ತಿದ್ದ ಕಾಲದಲ್ಲಿಯೇ ಅಲೆಕ್ಸಾಂಡರ್ ಪೋಪನು ೧೭೧೧ರ ತನ್ನ ವಿಮರ್ಶಾಕಾವ್ಯದಲ್ಲಿ ಛಂದಸ್ಸನ್ನು ತುಂಬಲು ಈ ಪದವನ್ನು ತುರುಕುವ ಕವಿಗಳನ್ನು ಹಾಸ್ಯಮಾಡಿದನು. ಹಾಸ್ಯಮಾಡಿದ ಪಂಕ್ತಿಯಲ್ಲಿಯೇ ಅದನ್ನು ಬೇಕೆಂದು ತುರುಕಿರುವುದು ರಸಿಕರಿಗೆ ಗೊತ್ತು. ಜಾನ್ಸನ್ನನು ೧೭೫೫ರ ನಿಘಂಟಿನೊಡನೆ ಸೇರಿಸಿದ ವ್ಯಾಕರಣದಲ್ಲಿ ಅಂತಹ ಪ್ರಯೋಗವನ್ನು ದುಷ್ಟವೆಂದೇ ಎಣಿಸಿದನು.

ವ್ಯಾಕರಣಕಾರರ ವಿಷಯದಲ್ಲಿ ವಿಮರ್ಶೆ ನಡೆಯಬೇಕಾದುದು ಇಲ್ಲಿ. ರಾಬರ್ಟ್ ಲೌತನು ೧೭೬೨ರಲ್ಲಿ, ‘ಡೂ’ ಕ್ರಿಯೆಯನ್ನೋ ಕಾಲವನ್ನೋ ಒತ್ತಿ ಹೇಳುವುದೆಂದೂ, ಪ್ರಶ್ನೆ ನಿಷೇಧಗಳಲ್ಲಿ ಬಹುಮಟ್ಟಿಗೆ ಅವಶ್ಯವೆಂದೂ ಬರೆದನು. ಲಿಂಡ್ಲಿ ಮರೆಯು ೧೭೯೫ರಲ್ಲಿ ಅದನ್ನೇ ಸ್ವಲ್ಪ ವಿಸ್ತರಿಸಿದನು. ಶಾಲಾಪುಸ್ತಕಗಳ ವಿಧಿಯು ಈ ಧಾಟಿಯದೇ. ಲೌತನು ಕಂಡ ಪ್ರಯೋಗಗಳನ್ನು ಪ್ರಾಮಾಣಿಕವಾಗಿ ಎಣಿಸಿರುವನು. ಆದರೆ ಮಣಿಗಳನ್ನು ಎಣಿಸಿದನೇ ಹೊರತು ದಾರವನ್ನು ಕಾಣಲಿಲ್ಲ. ಇಂಗ್ಲೀಷನ್ನು ಪರಭಾಷೆಯಾಗಿ ಕಲಿಸುವುದರಲ್ಲಿ ಬಾಳನ್ನು ಕಳೆದ ಹೆರಲ್ಡ್ ಪಾಮರನೂ ಎ. ಎಸ್. ಹಾರ್ನ್‌ಬಿಯೂ ಮೇಲಾದ ದಾರಿಯನ್ನು ಹಿಡಿದರು. ‘ನಾಟ್’ ಶಬ್ದವನ್ನು ತಮ್ಮ ಹಿಂದೆ ನೇರವಾಗಿ ತಾಳಬಲ್ಲ, ಕರ್ತೃವನ್ನು ದಾಟಬಲ್ಲ ಕ್ರಿಯಾರೂಪಗಳು ೨೪ ಮಾತ್ರ; ‘ಡೂ, ಡಸ್, ಡಿಡ್’ ಎಂಬವು ಅವುಗಳಲ್ಲಿ ಮೂರು; ಉಳಿದ ಸಹಸ್ರಾವಧಿ ಕ್ರಿಯೆಗಳೆಲ್ಲ ಈ ಮೂರನ್ನು ಆಶ್ರಯಿಸಬೇಕು ಎಂಬುದು ೧೯೫೪ರ ಹಾರ್ನ್‌ಬಿಯ ಗ್ರಂಥದಲ್ಲಿರುವ ವ್ಯವಸ್ಥೆಯ ಸಾರ. ಇದು ಧಾತುಪಾಠದಲ್ಲಿ ಗಣವನ್ನು ಹೇಳಿದಂತಾಯಿತು. ಹೀಗಿದ್ದರೂ ಕನ್ನಡನಾಡಿನ ತರಗತಿಗಳಲ್ಲಿ ‘ಸೇರಿಸು’ ಎಂಬ ವಿಧಿಯೇ ಕೇಳಿಬರುವುದು ವಿಷಾದಕರ.

ಈ ವಿಧಿಯು ಕನ್ನಡಿಗರಿಗೆ ವಿಶೇಷವಾಗಿ ಅಪಾಯಕರವಾಗಿರುವುದಕ್ಕೆ ಕನ್ನಡದ ಜಾಯಮಾನವೇ ಕಾರಣ. ‘ಬಂದನು’ ಎಂಬುದಕ್ಕೆ ಏಕಾರವನ್ನೋ ಓಕಾರವನ್ನೋ ಹಚ್ಚಿದರೆ ‘ಬಂದನೇ’, ‘ಬಂದನೋ’ ಎಂದು ಪ್ರಶ್ನೆಯಾಗುವುದು. ಪದಗಳ ಕ್ರಮ ಬದಲಾಗದು. ಭೂತಕಾಲದ ರೂಪವೂ ಹಾಗೆಯೇ ಉಳಿಯುವುದು. ಇಂತಹ ಭಾಷೆಯನ್ನು ಹಾಲಿನೊಡನೆ ಕಲಿತ ಮಗುವಿಗೆ ‘ಡಿಡ್’ ಎಂಬುದು ಮುಂದಕ್ಕೆ ಬಂದ ಏಕಾರದಂತೆ ಕಾಣುವುದು ಸಹಜ.

ನಿಷೇಧದಲ್ಲಾದರೋ ಕನ್ನಡವು ಸಹಾಯವನ್ನೇ ಮಾಡುತ್ತದೆ. ಆ ಸಹಾಯವನ್ನು ಕೇಳುವವರಿಲ್ಲ. ಹಳಗನ್ನಡದಲ್ಲಿ ‘ಬಾರೆಂ, ಬಾರಂ, ಬಾರಳ್, ಬಾರರ್’ ಎಂದು ನಿಷೇಧಕ್ರಿಯೆಗೆ ಪ್ರತ್ಯೇಕ ರೂಪಾವಳಿಯಿತ್ತು. ಅದರಲ್ಲಿ ಪುರುಷವಚನಗಳು ತೋರುವುವು, ಕಾಲವು ತೋರದು. ಹೊಸಗನ್ನಡವು ಆ ಮಾರ್ಗವನ್ನು ಬಹುಮಟ್ಟಿಗೆ ಬಿಟ್ಟು ‘ಇಲ್ಲ’ ಎಂಬುದನ್ನು ಆಶ್ರಯಿಸಿತು: ‘ಬರಲಿಲ್ಲ’, ‘ಬರುವುದಿಲ್ಲ’, ‘ಬಂದಿಲ್ಲ’. ಒಂದೇ ಪದದಲ್ಲಿ ಅಡಗಿದ್ದ ನಿಷೇಧವು ಎರಡು ಪದಗಳಾಗಿ ಬಿಡಿಸಿಕೊಂಡಿತು. ‘ಬರಲಿಲ್ಲ’ ಎಂಬಲ್ಲಿ ‘ಬರಲ್’ ಎಂಬ ಭಾಗಕ್ಕೆ ಭೂತಕಾಲದ ಚಿಹ್ನೆಯೇ ಇಲ್ಲ. ‘ಬರಲಾರನು’, ‘ಬರಲೊಲ್ಲನು’ ಎಂಬವುಗಳಲ್ಲಿಯೂ ಅದೇ ‘ಬರಲ್’. ‘ಬಂದನು’ ಎಂಬುದು ನಿಷೇಧದಲ್ಲಿ ‘ಬರಲ್’ ಆಗುವಂತೆಯೇ ‘ಕೇಮ್’ ಎಂಬುದು ‘ಕಮ್’ ಆಗುವುದೆಂದು ಹೇಳಿದರೆ ಹತ್ತು ವರ್ಷದ ಮಗುವಿಗೂ ತಿಳಿಯುವುದು. ‘ಬರಲಿಲ್ಲ’ ಎಂಬುದಕ್ಕೆ ‘ಡಿಡ್ ನಾಟ್ ಕಮ್’, ‘ಬಂದಿಲ್ಲ’ ಎಂಬುದಕ್ಕೆ ‘ಹ್ಯಾಸ್ ನಾಟ್ ಕಮ್’ ಎಂಬ ಭೇದವೂ ಕನ್ನಡಿಗನ ನಾಲಗೆಯಲ್ಲಿ ಮೊದಲೇ ಸಿದ್ಧವಾಗಿದೆ. ಒಂದು ಎಚ್ಚರ ಮಾತ್ರ ಬೇಕು. ಕನ್ನಡದ ‘ಇಲ್ಲ’ ಎಂಬುದು ಎಲ್ಲ ಪುರುಷಗಳಲ್ಲಿಯೂ ಒಂದೇ ಆಗಿದ್ದು, ಕಾಲಭೇದವು ಅದರ ಹಿಂದಿನ ಕೃದ್ರೂಪದಿಂದ ತಿಳಿಯುವುದು. ಇಂಗ್ಲೀಷಿನಲ್ಲಿ ವಿಪರ್ಯಯ: ಹಿಂದಿನ ಕ್ರಿಯೆ ನಿಶ್ಚಲ, ಸಹಾಯಕವೇ ಚಲ.

‘ಅಲ್ಲ’, ‘ಇಲ್ಲ’ ಎಂಬೆರಡರಿಂದ ಹುಟ್ಟುವ ತೊಡಕು ಬೇರೆ. ‘ಅವನು ವೈದ್ಯನಲ್ಲ’, ‘ಅವನು ಮನೆಯಲ್ಲಿಲ್ಲ’ ಎಂಬೆರಡಕ್ಕೂ ಇಂಗ್ಲೀಷಿನಲ್ಲಿ ‘ಈಸ್ ನಾಟ್’ ಒಂದೇ. ‘ಅವನು ಓದುವುದಿಲ್ಲ’ ಎಂಬುದಕ್ಕೆ ‘ಡಸ್ ನಾಟ್ ರೀಡ್’. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ‘ಇಲ್ಲ’ವನ್ನೇ ಕಂಡವನು ‘ಹೀ ಈಸ್ ನಾಟ್ ರೀಡ್’ ಎಂದರೆ ಆಶ್ಚರ್ಯವಿಲ್ಲ. ‘ಅಲ್ಲವೇ’ ಎಂಬುದು ಎಲ್ಲ ವಾಕ್ಯಗಳ ಕೊನೆಗೂ ಸಲ್ಲುವುದರಿಂದ ‘ನೀವು ನಿನ್ನೆ ಬಂದಿರಲ್ಲವೇ’ ಎಂಬುದು ‘ಯೂ ಕೇಮ್ ಯೆಸ್ಟರ್ಡೇ, ಇಸಂಟ್ ಇಟ್’ ಎಂದಾಗುತ್ತದೆ. ‘ಡಿಡಂಟ್ ಯೂ’ ಎಂದಾಗಬೇಕು, ಏಕೆಂದರೆ ‘ಕೇಮ್’ ಎಂಬುದರ ಕಾಲವನ್ನು ಹೊರತಕ್ಕದ್ದು ‘ಡಿಡ್’. ಈ ವಿಷಯದಲ್ಲಿ ಕನ್ನಡಿಗನು ನಾಚಬೇಕಾದುದೇನೂ ಇಲ್ಲ. ಫ್ರೆಂಚರಿಗೂ ಜರ್ಮನರಿಗೂ ಇಲ್ಲಿ ‘ಅಲ್ಲವೇ’ ಎಂಬಂತಹ ಒಂದೇ ನುಡಿ ಸಾಕಾಗಿದೆ. ವಿಲಕ್ಷಣವಾದುದು ಇಂಗ್ಲೀಷು. ‘ಊಟ ಮಾಡಲಿಲ್ಲವೇ’ ಎಂದು ಕೇಳಿದರೆ ‘ಹೌದು, ಮಾಡಲಿಲ್ಲ’ ಎಂದು ಕನ್ನಡದಲ್ಲಿ ಹೇಳಬಹುದು. ಇಂಗ್ಲೀಷಿನಲ್ಲಿ ‘ಯೆಸ್’ ಎಂದಮೇಲೆ ‘ಐ ಡಿಡ್’ ಎಂದೇ, ‘ನೋ’ ಎಂದಮೇಲೆ ‘ಐ ಡಿಡಂಟ್’ ಎಂದೇ ಬರಬೇಕು. ಅಲ್ಲಿಯ ‘ಯೆಸ್’ ಕೇಳಿದವನ ಮಾತಿಗೆ ಒಪ್ಪಿಗೆಯಲ್ಲ, ತನ್ನ ವಾಕ್ಯಕ್ಕೆ ಪೀಠಿಕೆ.

ಬೇರೆ ಸಹಾಯಕಗಳ ನಿಷೇಧದಲ್ಲಿ ರೂಪಕ್ಕಿಂತ ಅರ್ಥವೇ ಹೆಚ್ಚು ಕೆಡುವುದು. ‘ನೀನು ನಾಳೆ ಬರಬೇಕಾಗಿಲ್ಲ’ ಎಂಬುದನ್ನು ‘ಯೂ ಮಸ್ಟ್ ನಾಟ್ ಕಮ್ ಟುಮಾರೋ’ ಎಂದು ಬರೆದರೆ ಬರಕೂಡದೆಂದು ಅಪ್ಪಣೆಯಾಗುವುದು. ‘ನೀಡ್ ನಾಟ್’ ಎನ್ನಬೇಕು. ‘ಮಸ್ಟ್ ನಾಟ್’ ಎಂಬಲ್ಲಿ ಬಾರದಿರುವುದೇ ಕರ್ತವ್ಯ. ‘ನೀಡ್ ನಾಟ್’ ಎಂಬಲ್ಲಿ ಬರುವ ಕರ್ತವ್ಯವಿಲ್ಲ. ‘ನಞ್’ ಯಾವುದರೊಡನೆ ಅನ್ವಯಿಸುವುದೆಂಬ ಚರ್ಚೆಯನ್ನು ಮೀಮಾಂಸೆಯಲ್ಲಿ ಓದಿದವರಿಗೆ ಇದು ಹೊಸದಲ್ಲ. ಕನ್ನಡವು ಇದನ್ನು ‘ಕೂಡದು’, ‘ಬೇಕಾಗಿಲ್ಲ’ ಎಂದು ಸ್ಪಷ್ಟವಾಗಿಯೇ ಬೇರ್ಪಡಿಸಿದೆ.

ಇದೆಲ್ಲವನ್ನೂ ನೋಡಿದರೆ, ಪಾಠವನ್ನು ಪ್ರಶ್ನೆ ನಿಷೇಧಗಳಿಂದ ಆರಂಭಿಸದೆ ಸಣ್ಣ ಉತ್ತರಗಳಿಂದ ಆರಂಭಿಸುವುದು ಯುಕ್ತವಾಗಿ ತೋರುತ್ತದೆ. ‘ಯಾರು ಹೋದರು’ ಎಂದರೆ ‘ಹೀ ಡಿಡ್’, ‘ಯಾರು ಹೋಗಬಲ್ಲರು’ ಎಂದರೆ ‘ಹೀ ಕ್ಯಾನ್’, ‘ಯಾರು ಅಲ್ಲಿದ್ದಾರೆ’ ಎಂದರೆ ‘ಹೀ ಈಸ್’. ಉತ್ತರದಲ್ಲಿ ಉಳಿಯುವ ಪದ ಯಾವುದೋ ಅದೇ ಪ್ರಶ್ನೆಯಲ್ಲಿ ಮುಂದೆ ಬರುವುದು, ಅದೇ ‘ನಾಟ್’ ಶಬ್ದಕ್ಕೆ ಆಸರೆಯಾಗುವುದು, ಅದೇ ‘ಅಲ್ಲವೇ’ ಎಂಬುದಕ್ಕೆ ಸಮನಾಗಿ ಕೊನೆಯಲ್ಲಿ ಮರಳುವುದು. ‘ಹೀ ಡಿಡ್ ನಾಟ್ ಡೂ ಇಟ್’ ಎಂಬಲ್ಲಿ ಎರಡು ಸಲ ಏಕೆಂದು ಪುನರುಕ್ತಿಯನ್ನು ಶಂಕಿಸುವ ವಿದ್ಯಾರ್ಥಿಗೆ ಮೊದಲನೆಯದು ಕಾಲವಾಹಕ, ಎರಡನೆಯದೇ ‘ಮಾಡು’ ಎಂದು ಹೇಳಿದರೆ ಸಾಕು.

ಗಣದ ಎಲ್ಲೆಯಲ್ಲಿ ಕೆಲವು ಧಾತುಗಳು ಚಂಚಲವಾಗಿವೆ. ‘ಹ್ಯಾವ್ ಯೂ ಎ ಪೆನ್’ ಎಂಬುದು ಇಂಗ್ಲೆಂಡಿನಲ್ಲಿ ಹಿಂದೆ ಶಿಷ್ಟವಾಗಿತ್ತು. ಅಮೆರಿಕದ ‘ಡೂ ಯೂ ಹ್ಯಾವ್’ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಅಲ್ಲಿಯೂ ಸಾಮಾನ್ಯವಾಯಿತು. ಹಳೆಯದನ್ನು ಬರೆದ ವಿದ್ಯಾರ್ಥಿಯ ಅಂಕವನ್ನು ಕಳೆಯುವುದು ಅನ್ಯಾಯ. ‘ನೀಡ್’ ಧಾತುವಿಗೆ ‘ನೀಡ್ ಹೀ ಗೋ’, ‘ಡಸ್ ಹೀ ನೀಡ್ ಟು ಗೋ’ ಎಂಬ ಎರಡು ದಾರಿಗಳುಂಟು. ‘ಡಸ್ ಹೀ ನೀಡ್ ಗೋ’ ಎಂಬ ಬೆರಕೆಯು ಸ್ವೀಕಾರಾರ್ಹವಲ್ಲ. ಹಿಂದಿನ ರೂಢಿಯನ್ನು ಹೇಳುವ ‘ಯೂಸ್ಡ್ ಟು’ ಎಂಬುದು ಇನ್ನೂ ವಿಚಿತ್ರ. ‘ಯೂಸ್ಡ್ ಹೀ ಟು ಕಮ್’ ಎಂಬ ಹಳೆಯ ರೀತಿ ಅಪರೂಪವಾಗಿ, ‘ಡಿಡ್ ಹೀ ಯೂಸ್ ಟು ಕಮ್’ ಎಂಬುದು ಬಳಕೆಗೆ ಬಂದಿದೆ. ಕಾಲವನ್ನು ‘ಡಿಡ್’ ಹೇಳಿದ ಮೇಲೆ ‘ಯೂಸ್’ ಎಂಬುದರ ಕೊನೆಗೆ ಡಕಾರವಿರಬಾರದಷ್ಟೆ. ಆದರೆ ಅದರ ಮುಂದೆ ‘ಟು’ ಇರುವುದರಿಂದ ಡಕಾರವಿದ್ದರೂ ಇಲ್ಲದಿದ್ದರೂ ಉಚ್ಚಾರಣೆಯಲ್ಲಿ ಭೇದ ಕೇಳದು. ಕಿವಿಯನ್ನು ನಂಬಿ ಬರೆಯುವ ಇಂಗ್ಲೀಷರೇ ಎಷ್ಟೋ ಕಡೆ ‘ಡಿಡ್ ಹೀ ಯೂಸ್ಡ್ ಟು’ ಎಂದು ಬರೆದುಬಿಡುವರು. ಕನ್ನಡದ ಹುಡುಗನು ‘ಡಿಡ್ ಹೀ ವೆಂಟ್’ ಎಂದು ಬರೆದದ್ದೂ ಇದೇ ಜಾತಿಯದು.